ಅರಳಿ ಬೆಳೆಯದ ನಾಡಿನ ಬೋಧಿವೃಕ್ಷ

ಟಿಬೆಟ್ ಪ್ರಸ್ಥಭೂಮಿಯ ಈಶಾನ್ಯ ಅಂಚಿನ ಆಮ್ದೋ ಸೀಮೆಯಲ್ಲಿ ಬೋಧಿವೃಕ್ಷವೆಂದು ಪೂಜೆಗೊಳ್ಳುವ ಮರ ಅರಳಿಯಲ್ಲ, ಲೈಲಾಕ್. ಈ ಸೀಮೆಯ ಬಹುಭಾಗ ಈಗ ಚೀನಾದ ಚಿಂಗ್‌ಹಾಯ್ ಪ್ರಾಂತ್ಯಕ್ಕೆ ಸೇರಿದೆ. ಪ್ರಾಂತ್ಯದ ರಾಜಧಾನಿ ಶಿನಿಂಗ್‌ನಿಂದ ಸುಮಾರು 25 ಕಿಲೋಮೀಟರ್ ದೂರದಲ್ಲಿ ಕುಂಬುಮ್ ಮಠವಿದೆ. ಟಿಬೆಟನ್ ಬೌದ್ಧರ ಗೆಲುಗ್ ಪಂಥದ ಮೂಲಪುರುಷ ತ್ಸೊಂಗ್‌ಖಾಪ 1357ರಲ್ಲಿ ಹುಟ್ಟಿದ್ದು ಇಲ್ಲಿ. ಮಠದ ಚಿನ್ನದ ಹೆಂಚಿನ ಗುಡಿಯ ಮುಂದೆ ಬೆಳೆದಿರುವ ಲೈಲಾಕ್‌ಗೆ ಯಾತ್ರಿಕರು ಕೈಮುಗಿಯುತ್ತಾರೆ. ಉದುರಿದ ಎಲೆ ಸಿಕ್ಕರೆ ಆರಿಸಿ ಪ್ರಸಾದದಂತೆ ಜೋಪಾನ ಮಾಡುತ್ತಾರೆ. ಬುದ್ಧನಿಗೆ ಜ್ಞಾನೋದಯವಾದದ್ದು ಅರಳಿಮರದ ಬುಡದಲ್ಲಿ ಎಂಬುದು ಅವರಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಗೊತ್ತಿದ್ದೂ ಬೇರೊಂದು ಮರವನ್ನು ಆ ಸ್ಥಾನದಲ್ಲಿ ನಿಲ್ಲಿಸಿ ಪೂಜಿಸಿದರೆ ಅದು ಸಲ್ಲುವ ಪೂಜೆಯೇ? ಮರದ ಪಾವಿತ್ರ್ಯ ಅದರ ಜಾತಿಯಲ್ಲಿದೆಯೋ, ವಂಶದಲ್ಲಿದೆಯೋ, ನಿಂತ ನೆಲದಲ್ಲಿದೆಯೋ, ನೀರೆರೆಯುವವರ ಕೈಯಲ್ಲಿದೆಯೋ? ಶೀತವೂ ಶುಷ್ಕವೂ ಆದ ಒಂದು ನಾಡಿನ ಹವೆ ಎತ್ತಿದ ಈ ಪ್ರಶ್ನೆಗೆ ಬೌದ್ಧರೂ ವೈದಿಕರೂ ಬೇರೆ ಬೇರೆ ದಾರಿಯಿಂದ ಉತ್ತರ ಹುಡುಕಿದ್ದಾರೆ.

ಮೊದಲು ಮರದ ವಿಚಾರ. ತೋಟಗಳಲ್ಲಿ ನೇರಳೆ ಬಣ್ಣದ ಹೂವಿಗಾಗಿ ಬೆಳೆಸುವ ಸಾಮಾನ್ಯ ಲೈಲಾಕ್ ಒಂದು ಪೊದೆ. ಕುಂಬುಮ್‌ನದು ಅದಕ್ಕೆ ದಾಯಾದಿಯಾದ ಮರಲೈಲಾಕ್ ಎಂದು ಸಾಮಾನ್ಯವಾಗಿ ಗುರುತಿಸುತ್ತಾರೆ. ಇದರ ಸಸ್ಯಶಾಸ್ತ್ರೀಯ ಹೆಸರು ಸಿರಿಂಗಾ ರೆಟಿಕ್ಯುಲಾಟ. ಉತ್ತರ ಚೀನಾ, ಮಂಚೂರಿಯಾ, ಕೊರಿಯಾ ಮತ್ತು ಅಮೂರ್ ನದಿಯ ಬಯಲು ಇದರ ತವರು. ನಾಲ್ಕರಿಂದ ಹತ್ತು ಮೀಟರ್ ಎತ್ತರಕ್ಕೆ ಏರುವ ಸಣ್ಣ ಮರ. ಎದುರುಬದುರಾಗಿ ಜೋಡಿಸಿದ, ಬುಡ ಅಗಲವಾಗಿ ತುದಿ ಚೂಪಾದ ಎಲೆಗಳು. ಬೇಸಿಗೆಯ ಆರಂಭದಲ್ಲಿ ಕೊಂಬೆಗಳ ತುದಿಯಲ್ಲಿ ಕೆನೆಬಣ್ಣದ ಹೂಗೊಂಚಲುಗಳು. ಇದು ಒಲಿಯೇಸಿ ಕುಟುಂಬದ ಮರ. ಕನ್ನಡ ನಾಡಿನ ಮಲ್ಲಿಗೆ, ಜಾಜಿ, ಪಾರಿಜಾತಗಳೂ ಅದೇ ಕುಟುಂಬದವು. ಪೂಜೆಯ ಬುಟ್ಟಿಗೆ ಹೂ ಕೊಡುವ ಮನೆತನ ಎಂದರೆ ತಪ್ಪಾಗದು. ಅರಳಿಯಾದರೋ ಆಲ, ಅತ್ತಿ, ಬಸರಿಗಳ ಜೊತೆಗಾರ. ಅದರ ಹೂಗಳು ಕಾಯಿಯಂತೆ ಕಾಣುವ ಗೂಡಿನೊಳಗೇ ಅಡಗಿರುತ್ತವೆ. ಎರಡು ಮರಗಳಿಗೂ ಸಸ್ಯಶಾಸ್ತ್ರದ ಲೆಕ್ಕದಲ್ಲಿ ಹತ್ತಿರದ ನಂಟಿಲ್ಲ. ಅಗಲ ಬುಡ, ಚೂಪು ತುದಿಯ ಎಲೆಯ ಆಕಾರದಲ್ಲಿ ಮಾತ್ರ ದೂರದ ಹೋಲಿಕೆ ಕಾಣುತ್ತದೆ. ಅರಳಿ ಎಲೆಯ ಉದ್ದನೆಯ ಬಾಲವೂ ಲೈಲಾಕ್‌ಗಿಲ್ಲ.

ಅರಳಿ ಆ ನೆಲದಲ್ಲಿ ಏಕೆ ಬದುಕಲಾರದು ಎಂಬುದಕ್ಕೆ ಎರಡು ಕಾರಣ. ಶಿನಿಂಗ್ ನಗರವೇ ಸಮುದ್ರಮಟ್ಟದಿಂದ 2,200 ಮೀಟರ್‌ಗೂ ಮೇಲಿದೆ, ಕುಂಬುಮ್ ಇನ್ನೂ ಎತ್ತರದಲ್ಲಿದೆ. ಚಳಿಗಾಲದ ರಾತ್ರಿಗಳಲ್ಲಿ ಉಷ್ಣತೆ ಸೊನ್ನೆಗಿಂತ ಬಹಳ ಕೆಳಗೆ ಇಳಿಯುತ್ತದೆ. ನೆಲ ಹಲವು ಅಂಗುಲಗಳ ಆಳದವರೆಗೆ ಹೆಪ್ಪುಗಟ್ಟುತ್ತದೆ. ಎಳೆಯ ಅರಳಿಯ ಮೇಲೆ ಒಮ್ಮೆ ಇಬ್ಬನಿ ಹೆಪ್ಪುಗಟ್ಟಿದರೂ ಸಾಕು, ಕುಡಿ ಕರಕಲಾಗುತ್ತದೆ. ಎರಡನೆಯ ಕಾರಣ ಶುಷ್ಕತೆ. ಶಿನಿಂಗ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ 400 ಮಿಲಿಮೀಟರ್ ಆಸುಪಾಸು, ಅದರಲ್ಲಿ ಹೆಚ್ಚಿನ ಪಾಲು ಬೇಸಿಗೆಯ ತಿಂಗಳುಗಳಲ್ಲೇ ಬಂದುಹೋಗುತ್ತದೆ. ಅರಳಿ ಬರ ತಡೆಯುವ ಮರವೇ. ಚಿತ್ರದುರ್ಗದ ಕಡೆಯ ಕಟ್ಟೆಗಳ ಮೇಲೆ ಕಡಿಮೆ ನೀರಿನಲ್ಲೂ ಅದು ಹಬ್ಬಿ ನಿಂತಿರುತ್ತದೆ. ಆದರೆ ಚಳಿಯೂ ಬರವೂ ಕೂಡಿದರೆ ಸಮಸ್ಯೆಯ ಸ್ವರೂಪವೇ ಬೇರೆಯಾಗುತ್ತದೆ. ಹೆಪ್ಪುಗಟ್ಟಿದ ನೆಲದಲ್ಲಿ ನೀರಿದ್ದರೂ ಬೇರು ಅದನ್ನು ಎಳೆದುಕೊಳ್ಳಲಾರದು. ಮೇಲೆ ಮಾತ್ರ ಒಣಗಾಳಿ ಮತ್ತು ಪ್ರಸ್ಥಭೂಮಿಯ ತೀಕ್ಷ್ಣ ಬಿಸಿಲು ರೆಂಬೆಯೊಳಗಿನ ತೇವವನ್ನು ಹೀರುತ್ತಲೇ ಇರುತ್ತವೆ. ಹೀಗಾಗಿ ಇಂಥ ಕಡೆ ಮರಗಳು ಎಷ್ಟೋ ಸಲ ಸಾಯುವುದು ಚಳಿಯಿಂದ ಅನ್ನಿಸಿದರೂ ನಿಜವಾಗಿ ಸಾಯುವುದು ಬಾಯಾರಿಕೆಯಿಂದ.

ಲೈಲಾಕ್ ಈ ಎರಡೂ ಕಷ್ಟಗಳಿಗೆ ಹೊಂದಿಕೊಂಡೇ ಹುಟ್ಟಿದ ಮರ. ಶರತ್ಕಾಲದಲ್ಲಿ ಎಲೆಯನ್ನೆಲ್ಲ ಉದುರಿಸಿ ತೇವ ಸೋರುವ ದಾರಿಯನ್ನು ಮುಚ್ಚುತ್ತದೆ. ಮೊಗ್ಗುಗಳನ್ನು ಗಟ್ಟಿ ಹೊಟ್ಟಿನೊಳಗೆ ಸುತ್ತಿಡುತ್ತದೆ. ಮರಲೈಲಾಕ್ ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯನ್ನೂ ತಾಳಬಲ್ಲದು. ಇದಕ್ಕೆ ಚಳಿ ಸಹಿಸುವ ಶಕ್ತಿಯಷ್ಟೇ ಅಲ್ಲ, ಚಳಿಯ ಅಗತ್ಯವೂ ಇದೆ. ಕೆಲವು ವಾರಗಳ ಚಳಿ ಸಿಗದಿದ್ದರೆ ಮೊಗ್ಗಿನ ನಿದ್ದೆ ಸರಿಯಾಗಿ ಒಡೆಯುವುದಿಲ್ಲ. ಬೀಜವೂ ಅಷ್ಟೇ: ತಂಪಾದ ತೇವದಲ್ಲಿ ಕೆಲಕಾಲ ಇದ್ದರೆ ಮೊಳಕೆ ಚೆನ್ನಾಗಿ ಬರುತ್ತದೆ. ಸಾಮಾನ್ಯ ಲೈಲಾಕ್ ವಸಂತದಲ್ಲೇ ಅರಳಿ ಕೆಲವೊಮ್ಮೆ ತಡವಾಗಿ ಹೆಪ್ಪುಗಟ್ಟಿದ ಇಬ್ಬನಿಗೆ ಸಿಕ್ಕಿ ಸುಟ್ಟುಹೋಗುತ್ತದೆ. ಮರಲೈಲಾಕ್ ಅದಕ್ಕಿಂತ ಕೆಲವು ವಾರ ತಡವಾಗಿ ಹೂ ಬಿಡುವುದರಿಂದ ಆ ಅಪಾಯದಿಂದ ಬಹುಮಟ್ಟಿಗೆ ಪಾರಾಗುತ್ತದೆ.

ಆದರೂ ಮರ ತಾನಾಗಿಯೇ ಬೆಳೆದುಕೊಳ್ಳಲಿ ಎಂದು ಬಿಟ್ಟುಬಿಡುವ ಹಾಗಿಲ್ಲ. ಇಂಥ ಹವೆಯಲ್ಲಿ ಸಸಿ ನೆಡಲು ವಸಂತವೇ ತಕ್ಕ ಕಾಲ; ಬೇರು ಹಿಡಿಯಲು ಒಂದು ಇಡೀ ಬೇಸಿಗೆ ಸಿಗುತ್ತದೆ. ಮೊದಲ ಎರಡು ಮೂರು ವರ್ಷ ಅಪರೂಪಕ್ಕೊಮ್ಮೆಯಾದರೂ ಆಳಕ್ಕೆ ಇಳಿಯುವಂತೆ ನೀರು ಕೊಡಬೇಕು, ದಿನವೂ ಚಿಮುಕಿಸಿದರೆ ಬೇರು ಮೇಲ್ಪದರದಲ್ಲೇ ಉಳಿದು ಚಳಿಗೆ ಸಿಕ್ಕಿಬೀಳುತ್ತದೆ. ಎಲೆ ಉದುರಿದ ಮೇಲೆ, ನೆಲ ಹೆಪ್ಪುಗಟ್ಟುವ ಮುಂಚೆ ಕೊಡುವ ಒಂದು ತುಂಬು ನೀರಾವರಿಯ ಮೇಲೆ ಮುಂದಿನ ವಸಂತದ ಚಿಗುರು ನಿಂತಿರುತ್ತದೆ. ಉತ್ತರ ಚೀನಾದ ತೋಟಗಾರರು ಈ ಚಳಿನೀರನ್ನು ತಪ್ಪಿಸುವುದಿಲ್ಲ. ಗೊಬ್ಬರವನ್ನು ಬೇಸಿಗೆಯ ಕೊನೆಗೆ ಹಾಕಬಾರದು. ಹಾಕಿದರೆ ತಡವಾಗಿ ಬಂದ ಎಳೆ ಚಿಗುರು ಬಲಿಯುವ ಮುಂಚೆಯೇ ಇಬ್ಬನಿ ಹೆಪ್ಪುಗಟ್ಟತೊಡಗುತ್ತದೆ. ಹೂಮೊಗ್ಗು ಹಿಂದಿನ ವರ್ಷದ ರೆಂಬೆಯಲ್ಲೇ ಕಟ್ಟಿರುವುದರಿಂದ ಕತ್ತರಿ ಆಡಿಸುವುದಾದರೆ ಹೂ ಮುಗಿದ ಕೂಡಲೇ ಆಡಿಸಬೇಕು. ಚಳಿಗಾಲದ ಕೊನೆಯಲ್ಲಿ ಸವರಿದರೆ ಆ ವರ್ಷದ ಹೂವನ್ನೇ ಸವರಿದಂತೆ. ಮಠದ ಅಂಗಳಕ್ಕೆ ಇನ್ನೊಂದು ಅನುಕೂಲವಿದೆ. ಸುತ್ತಲಿನ ಗೋಡೆ ಗಾಳಿಯನ್ನು ಮುರಿಯುತ್ತದೆ, ಹಗಲು ಕುಡಿದ ಬಿಸಿಲನ್ನು ಕಲ್ಲು ರಾತ್ರಿ ಸ್ವಲ್ಪಸ್ವಲ್ಪವಾಗಿ ಬಿಡುತ್ತದೆ. ಪ್ರದಕ್ಷಿಣೆಯ ಹಾದಿ ಹತ್ತಿರವೇ ಇರುವ ಮರಕ್ಕೆ ಇರುವ ತೊಂದರೆಯೆಂದರೆ ಭಕ್ತರ ಕಾಲು: ತುಳಿದು ತುಳಿದು ಬುಡದ ಮಣ್ಣು ಗಟ್ಟಿಯಾದರೆ ನೀರೂ ಇಳಿಯದು, ಗಾಳಿಯೂ ಆಡದು. ಬೇಲಿ ಬೇಕಾಗುವುದು ಇದಕ್ಕೇ. ಕರ್ನಾಟಕದ ಅಶ್ವತ್ಥಕಟ್ಟೆಗಳಿಗೆ ಸಿಮೆಂಟು ಮೆತ್ತಿ ಮರದ ಕತ್ತು ಹಿಸುಕುವವರು ಗಮನಿಸಬಹುದಾದ ಸಂಗತಿ.

ಇನ್ನು ಐತಿಹ್ಯ. ತ್ಸೊಂಗ್‌ಖಾಪ ಹುಟ್ಟಿದಾಗ ಹೊಕ್ಕುಳಬಳ್ಳಿಯ ರಕ್ತ ಬಿದ್ದ ಜಾಗದಲ್ಲಿ ಒಂದು ಮರ ಹುಟ್ಟಿತು, ಅದರ ಒಂದು ಲಕ್ಷ ಎಲೆಗಳಲ್ಲಿ ಒಂದೊಂದರ ಮೇಲೂ ಸಿಂಹನಾದ ಬುದ್ಧನ ಬಿಂಬ ಮೂಡಿತು ಎಂದು ಸಂಪ್ರದಾಯ ಹೇಳುತ್ತದೆ. ಮಠದ ಹೆಸರಿಗೆ ಲಕ್ಷ ಬಿಂಬಗಳೆಂಬ ಅರ್ಥ ಬಂದದ್ದು ಹೀಗೆ. ಹದಿಹರೆಯದಲ್ಲೇ ಓದಿಗಾಗಿ ಮಧ್ಯ ಟಿಬೆಟ್‌ಗೆ ಹೋದ ತ್ಸೊಂಗ್‌ಖಾಪ ಮತ್ತೆ ಊರಿಗೆ ಬರಲಿಲ್ಲ. ವಯಸ್ಸಾದ ತಾಯಿ ಬಂದುಹೋಗು ಎಂದು ಹೇಳಿಕಳಿಸಿದಳು. ಆತ ಬರಲಿಲ್ಲ, ಬದಲಿಗೆ ತನ್ನ ಚಿತ್ರವೊಂದನ್ನು ಕಳಿಸಿ, ಆ ಮರವನ್ನು ಒಳಗಿಟ್ಟು ಸ್ತೂಪ ಕಟ್ಟಿಸಿದರೆ ತನ್ನನ್ನು ಕಂಡಷ್ಟೇ ಸಂತೋಷವಾಗುತ್ತದೆ ಎಂದು ಬರೆದನಂತೆ. 1379ರಲ್ಲಿ ಸ್ತೂಪ ಎದ್ದಿತು. ಮಠ ಬೆಳೆದದ್ದು ಅದರ ಸುತ್ತ, ಬಹಳ ತಡವಾಗಿ, 16ನೆಯ ಶತಮಾನದಲ್ಲಿ. ಅಂದರೆ ಮೂಲ ಮರ ಸ್ತೂಪದೊಳಗಿದೆ, ಯಾರಿಗೂ ಕಾಣದು. ಹೊರಗೆ ಕಾಣುವುದು ಅದರ ಬೇರಿನಿಂದ ಎದ್ದ ಕಂದು ಎಂಬುದು ನಂಬಿಕೆ. ಲೈಲಾಕ್ ಕುಲದ ಗಿಡಗಳು ಬುಡದಿಂದ ಕಂದು ಹೊಡೆಯುವುದು ಸಾಮಾನ್ಯವಾದ್ದರಿಂದ ಈ ನಂಬಿಕೆಯಲ್ಲಿ ತೋಟಗಾರರು ತಕರಾರು ತೆಗೆಯುವಂಥದ್ದೇನಿಲ್ಲ. ಮಗನ ಬದಲು ಚಿತ್ರ, ಚಿತ್ರದ ಜೊತೆಗೆ ಸ್ತೂಪ, ಮರದ ಬದಲು ಕಂದು: ಕಥೆಯ ಉದ್ದಕ್ಕೂ ಒಂದರ ಬದಲಿಗೆ ಇನ್ನೊಂದು ನಿಲ್ಲುತ್ತಲೇ ಹೋಗುತ್ತದೆ.

1845ರಲ್ಲಿ ಎವರಿಸ್ತ್ ಹ್ಯುಕ್ ಮತ್ತು ಜೋಸೆಫ್ ಗಾಬೆ ಎಂಬ ಇಬ್ಬರು ಫ್ರೆಂಚ್ ಪಾದ್ರಿಗಳು ಕುಂಬುಮ್‌ನಲ್ಲಿ ಕೆಲವು ತಿಂಗಳು ತಂಗಿದ್ದರು. ಹ್ಯುಕ್ 1850ರಲ್ಲಿ ಪ್ರಕಟಿಸಿದ ಪ್ರವಾಸಕಥನದಲ್ಲಿ ಆ ಮರದ ವರ್ಣನೆಯಿದೆ. ಮೋಸ ಬಯಲು ಮಾಡುವ ಹುರುಪಿನಲ್ಲೇ ಹೋದ ಪಾದ್ರಿಗಳು ಎಲೆಗಳ ಮೇಲೆ ಟಿಬೆಟನ್ ಅಕ್ಷರಗಳನ್ನು ಕಂಡರು. ಅಕ್ಷರಗಳ ಬಣ್ಣ ಹಸಿರೇ, ಕೆಲವು ಎಲೆಗಿಂತ ಗಾಢ, ಕೆಲವು ತೆಳು; ಒಂದೊಂದು ಎಲೆಯಲ್ಲಿ ಒಂದೊಂದು ಜಾಗದಲ್ಲಿ, ಎಳೆಯ ಎಲೆಗಳಲ್ಲಿ ಅರ್ಧ ಮೂಡಿದ ಸ್ಥಿತಿಯಲ್ಲಿ. ತೊಗಟೆಯನ್ನು ಎಬ್ಬಿಸಿ ನೋಡಿದರೆ ಕೆಳಗೂ ಅಕ್ಷರ. ಕೈಚಳಕದ ಸುಳಿವು ಎಷ್ಟು ಹುಡುಕಿದರೂ ಸಿಗಲಿಲ್ಲ ಎಂದು ಹ್ಯುಕ್ ಬರೆದ. ಮೂರು ಜನ ತೋಳು ಚಾಚಿ ಕಷ್ಟಪಟ್ಟು ಅಪ್ಪಬಹುದಾದಷ್ಟು ದಪ್ಪನೆಯ ಕಾಂಡ, ಎತ್ತರ ಮಾತ್ರ ಎಂಟೇ ಅಡಿ, ದಾಲ್ಚಿನ್ನಿಯಂಥ ವಾಸನೆಯ ಮರ, ವರ್ಷವಿಡೀ ಹಸಿರು ಎಲೆ, ಬೇಸಿಗೆಯಲ್ಲಿ ಕೆಂಪು ಹೂ ಎಂದೂ ಆತ ಸೇರಿಸಿದ. ಇವುಗಳಲ್ಲಿ ಹೂವಿನ ಮಾತು ಲಾಮಾಗಳಿಂದ ಕೇಳಿದ್ದು. ಲೈಲಾಕ್‌ಗೆ ಈ ವರ್ಣನೆ ಪೂರ್ತಿ ಹೊಂದುವುದಿಲ್ಲ: ಅದು ಎಲೆ ಉದುರಿಸುತ್ತದೆ, ಮರಲೈಲಾಕ್‌ನ ಹೂವು ಕೆನೆಬಣ್ಣದ್ದು. ಆಮೇಲೆ ಬಂದ ಪ್ರವಾಸಿಗರಲ್ಲಿ ಹಲವರು ಮರವನ್ನು ಗುರುತಿಸಿದ್ದು ಲೈಲಾಕ್ ಎಂದೇ. ಹ್ಯುಕ್ ನೋಡಿದ ಮರ ಯಾವುದು ಎಂಬ ಚರ್ಚೆಗಿಂತ ಆತ ದಾಖಲಿಸಿದ ಇನ್ನೊಂದು ಮಾತು ಇಲ್ಲಿ ಮುಖ್ಯ. ಈ ಮರವನ್ನು ಬೀಜದಿಂದಲೂ ಕಡ್ಡಿಯಿಂದಲೂ ಬೇರೆ ಮಠಗಳಲ್ಲಿ ಬೆಳೆಸಲು ನೋಡಿದ್ದಾರೆ, ಎಲ್ಲೂ ಹತ್ತಲಿಲ್ಲ ಎಂದು ಲಾಮಾಗಳು ಹೇಳಿದ್ದರು. ಅರಳಿಗೆ ಬದಲಿಯಾಗಿ ನಿಂತ ಮರ ತಾನು ಮಾತ್ರ ಬದಲಿಯನ್ನು ಒಪ್ಪದಂತೆ ಆಗಿತ್ತು.

ಜಾತಿ, ವಂಶ, ನೆಲ, ಕೈ ಎಂಬ ನಾಲ್ಕರಲ್ಲಿ ಬೌದ್ಧರ ಮುಖ್ಯಧಾರೆ ಮೊದಲು ಒತ್ತುಕೊಟ್ಟದ್ದು ವಂಶಕ್ಕೆ. ಥೇರವಾದದ ಲೆಕ್ಕದಲ್ಲಿ ಪೂಜಾರ್ಹ ವಸ್ತುಗಳು ಮೂರು ಬಗೆ: ಶರೀರಧಾತುಗಳು, ಬುದ್ಧ ಬಳಸಿದ ವಸ್ತುಗಳು, ಆತನನ್ನು ನೆನಪಿಸುವ ಪ್ರತಿಮೆ ಮೊದಲಾದವು. ಬೋಧಿವೃಕ್ಷ ಎರಡನೆಯ ಗುಂಪಿಗೆ ಸೇರುತ್ತದೆ; ಬುದ್ಧ ಅದರ ನೆರಳನ್ನು ಬಳಸಿದ. ಕಾಲಿಂಗಬೋಧಿ ಜಾತಕದ ಹಿನ್ನೆಲೆಕಥೆಯ ಪ್ರಕಾರ ಬುದ್ಧ ಊರಲ್ಲಿಲ್ಲದಾಗ ಹೂ ತಂದವರಿಗೆ ಅರ್ಪಿಸಲು ಒಂದು ಸ್ಥಾನ ಬೇಕೆಂದು ಶಿಷ್ಯ ಆನಂದ ಮೂಲ ಅರಳಿಯ ಬೀಜ ತರಿಸಿ ಜೇತವನದಲ್ಲಿ ನೆಡಿಸಿದ. ಸಾಮಾನ್ಯಶಕ ಪೂರ್ವ 3ನೆಯ ಶತಮಾನದಲ್ಲಿ ಸಂಘಮಿತ್ರೆ ಶ್ರೀಲಂಕೆಯ ಅನುರಾಧಪುರಕ್ಕೆ ಒಯ್ದದ್ದು ಆ ಮೂಲ ಅರಳಿಯದೇ ಶಾಖೆ. 1931ರಲ್ಲಿ ಸಾರನಾಥದಲ್ಲಿ ನೆಟ್ಟ ಸಸಿ ಅನುರಾಧಪುರದ್ದು. ಈ ಸಾಲಿನಲ್ಲಿ ಪಾವಿತ್ರ್ಯವೆಂದರೆ ರಸದ ಸಂಬಂಧ, ಒಡಲಿನಿಂದ ಒಡಲಿಗೆ ಹರಿದುಬಂದದ್ದು. ಬೆಚ್ಚನೆಯ ನಾಡುಗಳಿಗೆ ಈ ಉತ್ತರ ಸಾಕು. ಬರ್ಮಾದಲ್ಲೂ ಥಾಯ್ಲೆಂಡಿನಲ್ಲೂ ಅರಳಿ ಸಲೀಸಾಗಿ ಬೆಳೆಯುತ್ತದೆ, ಪ್ರಶ್ನೆಯೇ ಏಳುವುದಿಲ್ಲ.

ನೆಲಕ್ಕೆ ಒತ್ತು ಕೊಡುವವರ ವಾದಕ್ಕೆ ಬುದ್ಧಗಯೆಯೇ ನಿದರ್ಶನ. ಅಲ್ಲಿನ ಹಳೆಯ ಮರ 1876ರಲ್ಲಿ ಬಿರುಗಾಳಿಗೆ ಬಿದ್ದುಹೋಯಿತು. ಈಗಿರುವುದು 1881ರಲ್ಲಿ ಅಲೆಕ್ಸಾಂಡರ್ ಕನ್ನಿಂಗ್‌ಹ್ಯಾಮ್ ನೆಡಿಸಿದ ಸಸಿ. ಅದಕ್ಕೂ ಮುಂಚೆ ಆ ಜಾಗದಲ್ಲಿ ಮರ ಕಡಿಸಿದ, ಮತ್ತೆ ಚಿಗುರಿದ ಕಥೆಗಳು ಹಲವು. ಬುದ್ಧ ಕುಳಿತ ಮರ ಇಂದು ಎಲ್ಲಿಯೂ ಇಲ್ಲ, ಕುಳಿತ ಜಾಗವಿದೆ. ಯಾತ್ರಿಕರಿಗೆ ಇದರಿಂದ ಏನೂ ಕೊರತೆಯಾದಂತೆ ಕಾಣುವುದಿಲ್ಲ.

ಮೂರನೆಯ ಉತ್ತರ ಎಲ್ಲಕ್ಕಿಂತ ಸ್ವಾರಸ್ಯದ್ದು, ಅದು ಜಾತಿಯ ಹಟವನ್ನೇ ಸಡಿಲಿಸುತ್ತದೆ. ದೀಘನಿಕಾಯದ ಮಹಾಪದಾನ ಸುತ್ತದಲ್ಲಿ ಗೌತಮನಿಗಿಂತ ಹಿಂದಿನ ಆರು ಬುದ್ಧರ ಹೆಸರಿದೆ. ಅವರು ಕುಳಿತದ್ದು ಬೇರೆ ಬೇರೆ ಮರಗಳ ಕೆಳಗೆ. ವಿಪಸ್ಸಿಗೆ ಪಾದರಿ, ವೆಸ್ಸಭುವಿಗೆ ಸಾಲವೃಕ್ಷ, ಕಕುಸಂಧನಿಗೆ ಶಿರೀಷ ಅಂದರೆ ಬಾಗೆಮರ, ಕೋಣಾಗಮನನಿಗೆ ಅತ್ತಿ, ಕಸ್ಸಪನಿಗೆ ಆಲ. ಮುಂದೆ ಬರಲಿರುವ ಮೈತ್ರೇಯನಿಗೆ ನಾಗವೃಕ್ಷ ಎಂದು ನಂಬಿಕೆ. ಭಾರಹುತದ ಸ್ತೂಪದ ಬೇಲಿಗಲ್ಲುಗಳ ಮೇಲೆ ಈ ಮರಗಳಲ್ಲಿ ಹಲವನ್ನು ಎಲೆಯ ಆಕಾರದಲ್ಲೇ ಗುರುತು ಹಿಡಿಯುವಂತೆ ಕೆತ್ತಿ, ಇದು ಯಾವ ಬುದ್ಧನ ಬೋಧಿ ಎಂದು ಬ್ರಾಹ್ಮಿ ಲಿಪಿಯಲ್ಲಿ ಬರೆದಿದ್ದಾರೆ. ಎರಡು ಸಾವಿರ ವರ್ಷಗಳ ಹಿಂದಿನ ಆ ಕಲ್ಕುಟಿಗರ ಮಟ್ಟಿಗೆ ಬೋಧಿ ಎಂಬುದು ಒಂದು ಸ್ಥಾನ, ಒಂದು ಹುದ್ದೆ. ಅದನ್ನು ಅರಳಿ ಈ ಯುಗದಲ್ಲಿ ವಹಿಸಿಕೊಂಡಿದೆ ಅಷ್ಟೇ. ಜಪಾನಿನ ಮಠಗಳಲ್ಲಿ ಒಂದು ಜಾತಿಯ ಲಿಂಡನ್ ಮರವನ್ನು ಬೋಧಿಯೆಂದು, ಬಿಳಿ ಹೂವಿನ ಸ್ಟುವಾರ್ಟಿಯಾವನ್ನು ಸಾಲವೃಕ್ಷವೆಂದು ಬೆಳೆಸುವ ರೂಢಿ ಇದೇ ಧೈರ್ಯದಿಂದ ಬಂದದ್ದು. ಲಿಂಡನ್ ಎಲೆ ಹೃದಯದಾಕಾರದ್ದು, ಅರಳಿಯನ್ನು ನೆನಪಿಸುತ್ತದೆ. ಚಿಂಗ್‌ಹಾಯ್‌ನಲ್ಲಿ ಲೈಲಾಕ್‌ಗೆ ಪಶ್ಚಿಮ ಸಾಗರದ ಬೋಧಿ ಎಂಬ ಹೆಸರೇ ಇದೆ. ಕುಂಬುಮ್ ಅಲ್ಲದೆ ಆ ಭಾಗದ ಬೇರೆ ಮಠಗಳ ಅಂಗಳದಲ್ಲೂ ಅದು ಉಂಟು.

ಹುದ್ದೆಯೆಂದರೆ ಯಾರನ್ನು ಬೇಕಾದರೂ ಕೂರಿಸಬಹುದೇ? ಬದಲಿ ವಸ್ತುವಿನ ಪ್ರಶ್ನೆಯನ್ನು ಅತ್ಯಂತ ಕಟ್ಟುನಿಟ್ಟಾಗಿ ಕೈಗೆತ್ತಿಕೊಂಡವರು ಬೌದ್ಧರಲ್ಲ, ವೇದದ ವಿಧಿಗಳ ಅರ್ಥವನ್ನು ವಿಚಾರಿಸುವ ಪೂರ್ವಮೀಮಾಂಸಕರು. ಜೈಮಿನಿಯ ಸೂತ್ರಗಳ ಆರನೆಯ ಅಧ್ಯಾಯದ ಮೂರನೆಯ ಪಾದದಲ್ಲಿ ಪ್ರತಿನಿಧಿಯ ವಿಚಾರ ವಿಸ್ತಾರವಾಗಿ ಬರುತ್ತದೆ. ಯಾಗಕ್ಕೆ ವ್ರೀಹಿ, ಅಂದರೆ ಭತ್ತ, ವಿಧಿಸಿದೆ, ಭತ್ತ ಸಿಗಲಿಲ್ಲ. ನಿತ್ಯಕರ್ಮವನ್ನು ಬಿಡುವಂತಿಲ್ಲ. ಆಗ ಅದಕ್ಕೆ ಹೋಲುವ ನೀವಾರ ಎಂಬ ಕಾಡುಭತ್ತವನ್ನು ಬಳಸಬಹುದು. ಕರ್ಮ ನಿಲ್ಲಬಾರದು ಎಂಬುದೇ ಬದಲಿಗೆ ಇರುವ ಏಕೈಕ ಸಮರ್ಥನೆ. ಸೋಮಲತೆ ಸಿಗದಿದ್ದರೆ ಪೂತೀಕ ಎಂಬುದು ವೇದದಲ್ಲೇ ಹೇಳಿರುವ ಬದಲಿ. ಇದು ಪಂಡಿತರ ಮಾತಾಗಿಯೇ ಉಳಿದಿಲ್ಲ. ಮನೆಯ ಪೂಜೆಯಲ್ಲಿ ದೇವರಿಗೆ ವಸ್ತ್ರವೋ ಆಭರಣವೋ ಅರ್ಪಿಸಬೇಕಾದಲ್ಲಿ ಇಲ್ಲದ್ದರ ಬದಲಿಗೆ ನಾಲ್ಕು ಕಾಳು ಅಕ್ಷತೆ ಹಾಕುವ ಪ್ರತಿಯೊಬ್ಬರೂ ಈ ನಿಯಮವನ್ನೇ ಪಾಲಿಸುತ್ತಿದ್ದಾರೆ. ಕರ್ನಾಟಕದಲ್ಲಿ ವಿಜಯದಶಮಿಗೆ ಬನ್ನಿ ಹಂಚಿದರೆ ಮಹಾರಾಷ್ಟ್ರದಲ್ಲಿ ಆಪ್ಟೆ ಎಲೆಯನ್ನು ಬಂಗಾರವೆಂದು ಹಂಚುತ್ತಾರೆ.

ಆದರೆ ಮೀಮಾಂಸಕರು ಬಾಗಿಲನ್ನು ಪೂರ್ತಿ ತೆರೆದಿಡಲಿಲ್ಲ. ದೇವತೆಗೆ ಬದಲಿಯಿಲ್ಲ, ಅಗ್ನಿಗೆ ಬದಲಿಯಿಲ್ಲ, ಮಂತ್ರಕ್ಕೆ ಬದಲಿಯಿಲ್ಲ, ಮಾಡಬೇಕಾದ ಕ್ರಿಯೆಗೂ ಬದಲಿಯಿಲ್ಲ. ಫಲ ಪಡೆಯುವ ಯಜಮಾನನ ಜಾಗದಲ್ಲೂ ಇನ್ನೊಬ್ಬನನ್ನು ನಿಲ್ಲಿಸುವಂತಿಲ್ಲ. ಬದಲಿ ಸಾಧ್ಯವಿರುವುದು ದ್ರವ್ಯಕ್ಕೆ ಮಾತ್ರ. ಅದರಲ್ಲೂ ಸೂಕ್ಷ್ಮ ನಿಯಮಗಳಿವೆ. ನೀವಾರವನ್ನು ಅರ್ಪಿಸುವಾಗಲೂ ಮಂತ್ರದಲ್ಲಿ ಹೇಳುವುದು ವ್ರೀಹಿ ಎಂದೇ; ನೀವಾರವನ್ನು ತೆಗೆದುಕೊಂಡದ್ದು ಅದರಲ್ಲಿರುವ ವ್ರೀಹಿಯ ಅಂಶಕ್ಕಾಗಿ ಎಂದು ಅವರ ತರ್ಕ. ತಂದ ನೀವಾರವೂ ಹಾಳಾಯಿತು ಎನ್ನಿ, ಆಗ ಹುಡುಕಬೇಕಾದದ್ದು ನೀವಾರವನ್ನು ಹೋಲುವ ಕಾಳನ್ನಲ್ಲ, ವ್ರೀಹಿಯನ್ನು ಹೋಲುವ ಕಾಳನ್ನು. ಇಲ್ಲದಿದ್ದರೆ ಬದಲಿಯ ಬದಲಿಗೆ ಬದಲಿ ಎಂದು ಜಾರುತ್ತಾ ಮೂಲದ ಗುರುತೇ ಅಳಿಸಿಹೋಗುತ್ತದೆ. ಮುಖ್ಯ ವಸ್ತು ಸಿಕ್ಕಿತೋ, ಅದನ್ನೇ ಬಳಸಬೇಕು; ಪ್ರತಿನಿಧಿಗೆ ಅಪ್ಪಣೆ ಸಿಕ್ಕಿದ್ದೇ ಮುಖ್ಯದ ಅಭಾವದಿಂದ.

ಈ ಅಳತೆಗೋಲನ್ನು ಕುಂಬುಮ್‌ನ ಅಂಗಳಕ್ಕೆ ಒಯ್ದರೆ ವಿಷಯ ಸಾಕಷ್ಟು ತಿಳಿಯಾಗುತ್ತದೆ. ಮರ ಇಲ್ಲಿ ದ್ರವ್ಯದ ಸ್ಥಾನದಲ್ಲಿದೆ, ಆದ್ದರಿಂದ ಬದಲಾಗಬಹುದು. ಬುದ್ಧಸ್ಮರಣೆ ದೇವತೆಯ ಸ್ಥಾನದಲ್ಲಿದೆ, ಬದಲಾಗದು. ಪ್ರದಕ್ಷಿಣೆ, ನೀರೆರೆಯುವುದು, ಬುಡ ಕಾಯುವುದು ಕ್ರಿಯೆಗಳು. ಅವುಗಳನ್ನು ಯಾರಾದರೂ ಮಾಡಲೇಬೇಕು, ಬೇರೊಂದನ್ನು ಮಾಡಿ ಇದನ್ನು ಮಾಡಿದೆ ಎನ್ನಲಾಗದು. ಲಡಾಖ್‌ನಲ್ಲೋ ಆಮ್ದೋದಲ್ಲೋ ಅರಳಿಯ ಪ್ಲಾಸ್ಟಿಕ್ ಗಿಡವೊಂದನ್ನು ತಂದು ಕಟ್ಟೆಯ ಮೇಲೆ ನಿಲ್ಲಿಸಿದರೆ ಆಕಾರ ಅರಳಿಯದ್ದೇ ಆಗಿರುತ್ತದೆ, ಚಳಿಗಾಲದಲ್ಲೂ ಹಸಿರಾಗಿರುತ್ತದೆ. ಆದರೆ ಅದಕ್ಕೆ ನೀರೆರೆಯುವ ಅಗತ್ಯವಿಲ್ಲವಾದ್ದರಿಂದ ಕ್ರಿಯೆಯೇ ಲೋಪವಾಗುತ್ತದೆ. ಜಾತಿಯಲ್ಲಿ ದೂರದ್ದಾದರೂ ಸಾಯಬಲ್ಲ ಲೈಲಾಕ್ ಈ ಕಾರಣಕ್ಕೆ ಹೆಚ್ಚು ಸರಿಯಾದ ಪ್ರತಿನಿಧಿ. ಮಠಗಳಲ್ಲಿ ಕೃತಕ ಹೂವಿನ ಅಲಂಕಾರ ಹೆಚ್ಚುತ್ತಿರುವ ಈ ಕಾಲದಲ್ಲಿ ಮೀಮಾಂಸಕರ ಈ ತಾರತಮ್ಯ ಉಪಯೋಗಕ್ಕೆ ಬರುವಂಥದ್ದು.

ಬೌದ್ಧರು ಮೀಮಾಂಸಕರ ವೇದಪ್ರಾಮಾಣ್ಯವನ್ನು ಒಪ್ಪುವವರಲ್ಲ. ಅವರಿಗೆ ಬೇರೆ ಆಧಾರ ಬೇಕು, ಅದು ದೊರೆಯುವುದು ತ್ಸೊಂಗ್‌ಖಾಪನ ಬರಹದಲ್ಲೇ. ನಾಗಾರ್ಜುನ ಮತ್ತು ಚಂದ್ರಕೀರ್ತಿಯರ ಮಾಧ್ಯಮಿಕ ದರ್ಶನವನ್ನು ಅನುಸರಿಸಿದ ಆತನ ಪ್ರಕಾರ ಯಾವ ವಸ್ತುವಿಗೂ ತನ್ನ ಕಡೆಯಿಂದಲೇ ಬರುವ ಸ್ವಭಾವವಿಲ್ಲ. ಚಂದ್ರಕೀರ್ತಿ ರಥದ ಉದಾಹರಣೆ ತೆಗೆದುಕೊಳ್ಳುತ್ತಾನೆ: ಚಕ್ರ ರಥವಲ್ಲ, ಅಚ್ಚು ರಥವಲ್ಲ, ಎಲ್ಲದರ ರಾಶಿಯೂ ರಥವಲ್ಲ, ಅವುಗಳನ್ನು ಬಿಟ್ಟು ಬೇರೆ ರಥವೂ ಇಲ್ಲ, ಬಿಡಿಭಾಗಗಳನ್ನು ಆಧರಿಸಿ ರಥವೆಂದು ಹೆಸರಿಡುತ್ತೇವೆ. ಬೋಧಿವೃಕ್ಷವನ್ನೂ ಹೀಗೆ ಹುಡುಕಿದರೆ ಎಲೆ, ತೊಗಟೆ, ಬೇರು, ರಸಗಳಲ್ಲೆಲ್ಲೂ ಬೋಧಿತ್ವ ಸಿಗದು. ಬುದ್ಧಗಯೆಯ ಅರಳಿಯಲ್ಲೂ ಸಿಗದು. ಈ ದೃಷ್ಟಿಯಲ್ಲಿ ಅರಳಿ ಅಸಲಿ, ಲೈಲಾಕ್ ನಕಲಿ ಎಂಬ ಭೇದಕ್ಕೆ ಪರಮಾರ್ಥದಲ್ಲಿ ನೆಲೆಯಿಲ್ಲ.

ಇಲ್ಲಿಗೇ ನಿಂತರೆ ಏನನ್ನು ಬೇಕಾದರೂ ಏನೆಂದು ಬೇಕಾದರೂ ಕರೆಯಬಹುದು ಎಂದಾಗುತ್ತದೆ. ಮಾಧ್ಯಮಿಕರ ಮೇಲೆ ಬಂದ ಹಳೆಯ ಆಕ್ಷೇಪವೂ ಇದೇ. 1402ರಲ್ಲಿ ಬರೆದ ಲಮ್‌ರಿಮ್ ಚೆನ್‌ಮೊ ಎಂಬ ಬೃಹದ್ಗ್ರಂಥದಲ್ಲಿ ತ್ಸೊಂಗ್‌ಖಾಪ ಇದಕ್ಕೆ ಮೂರು ಕಟ್ಟುಪಾಡು ಹಾಕುತ್ತಾನೆ. ವ್ಯವಹಾರದಲ್ಲಿ ಒಂದು ವಸ್ತು ಇದೆ ಎನ್ನಬೇಕಾದರೆ ಅದು ಲೋಕದ ಸಾಮಾನ್ಯ ಅರಿವಿಗೆ ಪರಿಚಿತವಾಗಿರಬೇಕು. ಇನ್ನೊಂದು ಸರಿಯಾದ ವ್ಯಾವಹಾರಿಕ ಅರಿವು ಅದನ್ನು ಅಲ್ಲಗಳೆಯುವಂತಿರಬಾರದು. ಪರಮಾರ್ಥದ ವಿಚಾರಣೆಯೂ ಅದನ್ನು ಅಲ್ಲಗಳೆಯಬಾರದು. ಹಗ್ಗವನ್ನು ಹಾವೆಂದು ಕರೆದರೆ ದೀಪ ತಂದವನ ಕಣ್ಣು ಅದನ್ನು ಸುಳ್ಳು ಮಾಡುತ್ತದೆ. ಲೈಲಾಕ್ ಅನ್ನು ಅರಳಿ ಎಂದರೆ ತೋಟಗಾರ ಸುಳ್ಳು ಮಾಡುತ್ತಾನೆ. ಲೈಲಾಕ್ ಅನ್ನು ಬೋಧಿವೃಕ್ಷ ಎಂದರೆ ಯಾರೂ ಸುಳ್ಳು ಮಾಡಲಾರರು, ಏಕೆಂದರೆ ಪೂಜೆಗೊಳ್ಳುವ ಸ್ಥಾನಕ್ಕೆ ಒಂದು ಸಮುದಾಯ ಕೊಟ್ಟ ಹೆಸರು ಅದು, ಮತ್ತು ಆ ಕೆಲಸವನ್ನು ಅದು ಮಾಡುತ್ತಿದೆ. ಎಲೆಯಲ್ಲಿ ನಿಜವಾಗಿ ಅಕ್ಷರ ಮೂಡಿತ್ತೇ ಎಂಬುದು ಮಾತ್ರ ಎರಡನೆಯ ಕಟ್ಟುಪಾಡಿಗೆ ಒಳಪಡುವ ಪ್ರಶ್ನೆ. ಅಲ್ಲಿ ಭಕ್ತಿಯ ಹೆಸರಿನಲ್ಲಿ ರಿಯಾಯಿತಿ ಕೇಳಲು ತ್ಸೊಂಗ್‌ಖಾಪನ ಗ್ರಂಥದಲ್ಲಿ ಅವಕಾಶವಿಲ್ಲ. ಆತನ ಹುಟ್ಟಿನ ಸುತ್ತ ಬೆಳೆದ ಐತಿಹ್ಯವನ್ನು ಆತನದೇ ತರ್ಕ ಹೀಗೆ ಒರೆಗೆ ಹಚ್ಚುತ್ತದೆ.

ಮೀಮಾಂಸಕರ ನಿಯಮವೂ ಮಾಧ್ಯಮಿಕರ ವಿಶ್ಲೇಷಣೆಯೂ ಪೂರ್ತಿ ಹಿಡಿಯಲಾರದ ಒಂದು ಅಂಶ ಉಳಿಯುತ್ತದೆ. ಪ್ರತಿನಿಧಿಯಾಗಿ ಬಂದದ್ದು ಶತಮಾನಗಳು ಕಳೆದ ಮೇಲೆ ತನ್ನದೇ ಚರಿತ್ರೆ ಗಳಿಸುತ್ತದೆ. ಆಮ್ದೋದ ಯಾತ್ರಿಕನಿಗೆ ಕುಂಬುಮ್‌ನ ಮರ ಬುದ್ಧಗಯೆಯ ಅರಳಿಯ ಬದಲಿ ಮಾತ್ರವಲ್ಲ, ತ್ಸೊಂಗ್‌ಖಾಪ ಹುಟ್ಟಿದ ಗುರುತೂ ಹೌದು. ಮೊದಲನೆಯ ಲೆಕ್ಕದಲ್ಲಿ ಅದಕ್ಕೆ ಬದಲಿ ಸಾಧ್ಯ. ಎರಡನೆಯ ಲೆಕ್ಕದಲ್ಲಿ ಅದೇ ಮೂಲ, ಅದರ ಕಂದೇ ಬೇಕು, ಬೀಜವೇ ಬೇಕು, ಆ ನೆಲವೇ ಬೇಕು. ಬೇರೆ ಮಠಗಳಲ್ಲಿ ಹತ್ತಲಿಲ್ಲ ಎಂಬ ಲಾಮಾಗಳ ಮಾತು ತೋಟಗಾರಿಕೆಯ ವರದಿಯಾಗಿ ಅನುಮಾನಾಸ್ಪದ. ಬೀಜದಿಂದ ಬೆಳೆಯುವ ಮರವದು. ಆದರೆ ಅದು ಬದಲಿ ಸ್ಥಾನದಿಂದ ಮೂಲ ಸ್ಥಾನಕ್ಕೆ ಏರಿದೆ ಎಂಬುದರ ಘೋಷಣೆಯಾಗಿ ಆ ಮಾತು ಸ್ಪಷ್ಟವಾಗಿದೆ. ಸ್ಥಳೀಯ ಗಿಡಮರಗಳು ದೊಡ್ಡ ಸಂಪ್ರದಾಯದೊಳಕ್ಕೆ ಬರುವುದು ಹೆಚ್ಚಾಗಿ ಈ ಹಿಂಬಾಗಿಲಿನಿಂದಲೇ: ಮೊದಲು ಆಳಾಗಿ, ಆಮೇಲೆ ಮನೆಯವರಾಗಿ.

ಕರ್ನಾಟಕಕ್ಕೆ ಈ ಮರದ 'ಕುಟುಂಬ', ಅಂದರೆ ತ್ಸೊಂಗ್‌ಖಾಪನ ಪಂಥ, ಇನ್ನೊಂದು ದಾರಿಯಿಂದ ಬಂದಿದೆ. ತ್ಸೊಂಗ್‌ಖಾಪ 1409ರಲ್ಲಿ ಲ್ಹಾಸಾದ ಬಳಿ ಗಾಂದೆನ್ ಮಠವನ್ನು ಕಟ್ಟಿದ. ಶಿಷ್ಯರು 1416ರಲ್ಲಿ ದ್ರೆಪುಂಗ್, 1419ರಲ್ಲಿ ಸೆರಾ ಕಟ್ಟಿದರು. 1959ರ ನಂತರ ದೇಶ ಬಿಟ್ಟು ಬಂದ ಭಿಕ್ಷುಗಳು ಈ ಮೂರನ್ನೂ ಕರ್ನಾಟಕದಲ್ಲಿ ಮತ್ತೆ ಎಬ್ಬಿಸಿದರು. ಗಾಂದೆನ್ ಮತ್ತು ದ್ರೆಪುಂಗ್ ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡಿನಲ್ಲಿ, ಸೆರಾ ಮೈಸೂರು ಜಿಲ್ಲೆಯ ಬೈಲಕುಪ್ಪೆಯಲ್ಲಿ. ಇದೂ ಪ್ರತಿನಿಧಿಯ ವಿಚಾರವೇ: ಕಟ್ಟಡ ಬೇರೆ, ನೆಲ ಬೇರೆ, ಹವೆ ಬೇರೆ, ಹೆಸರು, ಪಾಠಕ್ರಮ, ಅಂಗಳದಲ್ಲಿ ಚಪ್ಪಾಳೆ ತಟ್ಟಿ ನಡೆಸುವ ತರ್ಕದ ಅಭ್ಯಾಸ ಹಿಂದಿನವೇ. ಟಿಬೆಟನ್ ಪಂಚಾಂಗದ ಹತ್ತನೆಯ ತಿಂಗಳ 25ರಂದು ತ್ಸೊಂಗ್‌ಖಾಪನ ಪುಣ್ಯತಿಥಿಗೆ ಅಲ್ಲಿ ದೀಪಗಳನ್ನು ಹಚ್ಚುತ್ತಾರೆ. ಈ ಎರಡೂ ಊರುಗಳ ಸುತ್ತ ಅರಳಿ ತಾನಾಗಿಯೇ ಹುಟ್ಟುತ್ತದೆ, ಹಕ್ಕಿ ತಿಂದು ಹಾಕಿದ ಬೀಜದಿಂದ ಗೋಡೆಯ ಬಿರುಕಿನಲ್ಲೂ ಏಳುತ್ತದೆ. ಮುಖ್ಯ ವಸ್ತು ಕೈಗೆ ಸಿಗುವ ಜಾಗದಲ್ಲಿ ಪ್ರತಿನಿಧಿಗೆ ಕೆಲಸವಿಲ್ಲ ಎಂಬ ಜೈಮಿನಿಯ ನಿಯಮ ಇಲ್ಲಿ ಚಾಚೂ ತಪ್ಪದೆ ಅನ್ವಯಿಸುತ್ತದೆ. ಗುರುವಿನ ಹುಟ್ಟೂರಿನ ನೆನಪಿಗಾಗಿ ಯಾರಾದರೂ ಲೈಲಾಕ್ ಸಸಿ ತರಿಸಿ ನೆಟ್ಟರೆ ಎಲೆಯೇನೋ ಬಂದೀತು. ಮೊಗ್ಗಿನ ನಿದ್ದೆ ಒಡೆಯಲು ಬೇಕಾದಷ್ಟು ಚಳಿ ಮುಂಡಗೋಡಿನಲ್ಲೂ ಇಲ್ಲ, ಬೈಲಕುಪ್ಪೆಯಲ್ಲೂ ಇಲ್ಲ; ಹೂ ಬಿಡಲಾರದು.